ಕೆಂಪು ಮೊದಲು, ಕಪ್ಪು ಆಮೇಲೆ

"ಆ ಕೈನ ಈ ಕಡೆ ತಿರುಗಿಸು. ಇನ್ನೂ ಸ್ವಲ್ಪ. ಹಾಂ, ಹಾಗೇ ಹಿಡ್ಕೋ," ಎನ್ನುತ್ತ ದೊಡ್ಡಮ್ಮ ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಸೆಯೊಳಗೆ ಅದ್ದಿದಳು.

ಮಗಳು ತಾಯಿಯ ತಣ್ಣನೆಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸೀಸೆಯಲ್ಲಿದ್ದದ್ದು ದೊಡ್ಡಮ್ಮನ ಡ್ರೈಕ್ಲೀನಿಂಗ್ ಅಂಗಡಿಯ ಖಾಸಾ ದ್ರಾವಣ. ಮಸಿಯಿರಲಿ, ಎಣ್ಣೆಯಿರಲಿ, ತುಕ್ಕಿರಲಿ, ಎಂಥ ಕಲೆಯೂ ಇದರ ಮುಂದೆ ಬಾಲ ಮುದುರಬೇಕು ಎಂದು ಅವಳು ಗಿರಾಕಿಗಳ ಹತ್ತಿರ ಕೊಚ್ಚಿಕೊಳ್ಳುತ್ತಿದ್ದಳು. ಇವತ್ತು ಮಾತ್ರ ಅದರ ಆಟ ನಡೆಯಲಿಲ್ಲ. ತಂಗಿಯ ಉಗುರಿನ ಸಂದಿಯ ಮಣ್ಣು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮೂವತ್ತು ವರ್ಷದ ಮಣ್ಣು ದೊಡ್ಡಮ್ಮ. ಒಂದು ಬೆಳಿಗ್ಗೆಗೆ ಹೋಗುತ್ತಾ? ಬಿಟ್ಟುಬಿಡು."

"ಬಿಡೋದು ಹೇಗೆ? ಎಲ್ಲರೂ ಬಂದು ನೋಡ್ತಾರೆ. ಅಕ್ಕ ಊರವರ ಕೊಳೆ ತೆಗೀತಾಳೆ, ತಂಗಿ ಉಗುರಲ್ಲಿ ಹೊಲ ಉಳಬಹುದು ಅಂತಾರೆ."

"ಅಂತಾನೇ ಇದ್ರಲ್ಲ, ಇಷ್ಟು ದಿನ."

"ಅದೂ ನಿಜ," ಎಂದ ದೊಡ್ಡಮ್ಮ ಬ್ರಷ್ಷನ್ನು ಕೆಳಗಿಟ್ಟು ಮೂಗು ಒರೆಸಿಕೊಂಡಳು. ಅಕ್ಕ ಕೊಳೆ ತೆಗೆದು ಬದುಕಿದಳು, ತಂಗಿ ಕೊಳೆ ಹಚ್ಚಿ ಬದುಕಿದಳು. ಇಬ್ಬರೂ ತಂತಮ್ಮ ಕೆಲಸದಲ್ಲಿ ಎತ್ತಿದ ಕೈ.

ತೀರಿಕೊಂಡವಳಿಗೆ ಸಮುದಾಯ ಭವನದಲ್ಲಿ ಗುಮಾಸ್ತೆಯ ಕೆಲಸವಿತ್ತು. ಸಭಾಂಗಣ ಯಾವ ದಿನ ಯಾರಿಗೆ ಎಂದು ಬರೆದಿಡುವುದು, ಕುರ್ಚಿ ಎಣಿಸುವುದು, ಕೆಟ್ಟ ನಲ್ಲಿಗೆ ಜನ ಕರೆಸುವುದು, ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿಳಿಯುವುದು. ಇದು ವಾರದ ಆರು ದಿನ. ಭಾನುವಾರ ಬೆಳಿಗ್ಗೆ ಮಾತ್ರ ಅವಳು ಭವನದ ಹಿತ್ತಲಿನಲ್ಲಿ ಊರಿನ ಮಕ್ಕಳನ್ನೆಲ್ಲ ಗುಡ್ಡೆ ಹಾಕಿಕೊಂಡು ಮಣ್ಣಿನಲ್ಲಿ ಕೂರುತ್ತಿದ್ದಳು. ಮಕ್ಕಳು ಮೊದಲು ಅವಳನ್ನು ಮಣ್ಣಕ್ಕ ಅಂದರು. ಕೂದಲು ನೆರೆಯಲು ಶುರುವಾದಾಗ ಮಣ್ಣತ್ತೆಯಾದಳು. ಈಚೆಗೆ ಕೆಲವು ವರ್ಷಗಳಿಂದ ಮಣ್ಣಜ್ಜಿ.

ಗುರುವಾರ ಮಧ್ಯಾಹ್ನ ಅದೇ ಹಿತ್ತಲಿನಲ್ಲಿ, ಗೊಬ್ಬರದ ಗುಂಡಿಯ ಪಕ್ಕ, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಕಾವಲಿನವನು ಎರಡು ಸಲ ನೋಡಿಕೊಂಡು ಹೋದ. "ಏನೋ ಹುಳ ನೋಡ್ತಾ ಕೂತಿದಾರೆ ಅಂದ್ಕೊಂಡೆ ಅಕ್ಕ, ಮಾತಾಡಿಸಿದ್ರೆ ಬೈತಾರೆ ಅಂತ ಸುಮ್ಮನಾದೆ," ಎಂದು ಅವನು ಮಗಳ ಮುಂದೆ ಅತ್ತಾಗ ಅವಳಿಗೆ ಅಳುವಿನ ಜೊತೆಗೇ ನಗುವೂ ಬಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೊರಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಮಗಳು ಎದ್ದು ಹೋದಳು. ಸಮುದಾಯ ಭವನದ ಅಧ್ಯಕ್ಷರು ನಿಂತಿದ್ದರು. ಬಹಳ ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳಲು ಬಾಯಿ ಬಾರದಷ್ಟು ಒಳ್ಳೆಯವರಾದ್ದರಿಂದ, ಅದನ್ನು ಇನ್ನೊಬ್ಬರ ಕೈಗೆ ದಾಟಿಸಲು ಬಂದಿದ್ದರು.

"ನೋಡಮ್ಮ, ಈ ಹೊತ್ತಲ್ಲಿ ಹೇಳಬಾರದು. ಹೇಳದೆ ವಿಧಿಯಿಲ್ಲ," ಎಂದು ಟೋಪಿಯನ್ನು ಕೈಯಿಂದ ಕೈಗೆ ಬದಲಿಸಿದರು. "ಆ ಹಿತ್ತಲ ವಿಷಯ. ನಿಮ್ಮಮ್ಮ ಇರೋವರೆಗೂ ಯಾರೂ ಚಕಾರ ಎತ್ತಲಿಲ್ಲ. ಈಗ ಕಮಿಟಿಯವರು ಕಲ್ಲು ಹಾಸಿ ಗಾಡಿ ನಿಲ್ಲಿಸೋಕೆ ಜಾಗ ಮಾಡೋಣ ಅಂತಿದಾರೆ. ಹಾಸೋರು ನಾಳೇನೇ ಬರ್ತಾರಂತೆ."

"ನಾಳೆನೇ?"

"ಕಲಿಸೋರು ಒಬ್ಬರು ಇದ್ದಿದ್ರೆ ನಾನೇ ಅಡ್ಡ ನಿಲ್ತಿದ್ದೆ, ನಿಮ್ಮಾಣೆ. ಯಾರಿದಾರೆ ಹೇಳಿ? ಎಲ್ಲ ಅವರ ತಲೆಯಲ್ಲೇ ಇತ್ತು, ಅವರ ಜೊತೆಗೇ ಹೋಯ್ತು. ಅದಕ್ಕೆ... ಸ್ಮಶಾನದಲ್ಲಿ ಮಕ್ಕಳೂ ಇರ್ತಾರೆ, ಅಪ್ಪ ಅಮ್ಮಂದಿರೂ ಇರ್ತಾರೆ. ಭಾನುವಾರದ ತರಗತಿ ಇಲ್ಲಿಗೆ ಮುಗೀತು ಅಂತ ನೀವೇ ಒಂದು ಮಾತು ಹೇಳಿಬಿಡ್ತೀರಾ? ಮಗಳ ಬಾಯಲ್ಲಿ ಬಂದ್ರೆ ಮಕ್ಕಳು ಕೇಳ್ತಾರೆ. ನಾನು ಹೇಳಿದ್ರೆ ನನ್ನ ಕಲ್ಲಲ್ಲಿ ಹೊಡೀತಾರೆ."

"ಹೇಳ್ತೀನಿ," ಎಂದಳು ಮಗಳು.

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅವಳದು ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಬೆರಳಿನ ಗುರುತು ಉಳಿಯದಂತೆ ಒರೆಸಿ ಗಿರಾಕಿಯ ಮೂಗಿನ ಮೇಲೆ ಇಡುವುದು ಅವಳ ಕೆಲಸ. ಒಂದು ಚೂರು ಕೊಳೆ ಕಂಡರೂ ಕೈ ತಡೆಯದು. ಆ ಹಿತ್ತಲಿಗೆ ಅವಳು ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಕಲ್ಲು ಬಿದ್ದರೆ ಅವಳಿಗೆ ಹೋಗುವುದೇನು?

* * *

ಅವಳಿಗೆ ಆಗ ಎಂಟು ವರ್ಷ. ಅಪ್ಪ ಹೋಗಿ ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಅಮ್ಮ ಅವಳನ್ನೂ ಭವನಕ್ಕೆ ಕರೆದುಕೊಂಡು ಹೋಗಿ ತನ್ನ ಮೇಜಿನ ಕೆಳಗೆ ಕೂರಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ರಜೆಯ ಚಿತ್ರಕಲೆ ತರಗತಿಗೆ ಮಕ್ಕಳೆಲ್ಲ ಬಂದರು, ಮೇಷ್ಟರು ಬರಲಿಲ್ಲ. ಹೊರಗೆ ಜಡಿಮಳೆ. ಸಭಾಂಗಣದಲ್ಲಿ ಮಕ್ಕಳ ಕೂಗಾಟಕ್ಕೆ ಮಾಡು ಹಾರಿಹೋಗುವಂತಿತ್ತು. ಒಬ್ಬ ಪರದೆಗೆ ಜೋತುಬಿದ್ದಿದ್ದ, ಇನ್ನಿಬ್ಬರು ಮಡಿಸುವ ಕುರ್ಚಿಯೊಳಗೆ ಸಿಕ್ಕಿಕೊಂಡಿದ್ದರು. ಅದರ ನಡುವೆ ಮಾಡಿನ ನೀರು ಇಳಿಯುವ ಕೊಳವೆ ಕಟ್ಟಿಕೊಂಡು ಹಿತ್ತಲ ಬಾಗಿಲಿನಿಂದ ನೀರು ಒಳಗೆ ಬರತೊಡಗಿತು.

ಮಳೆ ಕೊಂಚ ಬಿಟ್ಟದ್ದೇ ಅಮ್ಮ ಬಕೆಟ್ಟು ಹಿಡಿದು ಹೊರಟಳು. ಹೊರಟವಳು ಬಾಗಿಲಲ್ಲಿ ತಿರುಗಿ, "ಕೂಗೋದು ಸಾಕು. ಬನ್ನಿ ಇಲ್ಲಿ, ಕೆಲಸ ಇದೆ," ಎಂದಳು.

ಕೊಳವೆಯೊಳಗಿಂದ ಬಂದದ್ದು ಬಕೆಟ್ಟು ತುಂಬ ಕೊಳೆತ ಎಲೆ. ಅದನ್ನು ಎಲ್ಲಿ ಸುರಿಯುವುದು ಎಂದು ತೋಚದೆ ಅಮ್ಮ ಸಭಾಂಗಣದ ಬಿಳಿ ಮೇಜುಬಟ್ಟೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಸುರಿದಳು. ಬಿಳಿ ಬಟ್ಟೆಯ ಮೇಲೆ ಆ ಕಪ್ಪು ರಾಶಿ ಅಲುಗಾಡತೊಡಗಿತು. ಮಣಿಯಂತೆ ಸುರುಳಿ ಸುತ್ತಿಕೊಳ್ಳುವ ಹುಳವೊಂದು, ಹಿಂದಕ್ಕೆ ನಡೆಯುವುದೊಂದು, ಬಾಲದ ಮೇಲೆ ನೆಗೆಯುವುದೊಂದು. ಮಕ್ಕಳು ಸುತ್ತ ಕೂತರು. ಯಾರೂ ಸುಮ್ಮನಿರಿ ಅನ್ನಲಿಲ್ಲ, ಆದರೂ ಎಲ್ಲರೂ ಸುಮ್ಮನಾದರು.

"ಅಮ್ಮ, ಇದೇನು?" ಎಂದು ಅವಳು ಕೇಳಿದಳು.

"ನಂಗೇನು ಗೊತ್ತೇ? ನೋಡು. ನೋಡ್ತಾ ಇರು, ಏನು ಮಾಡುತ್ತೆ ಅಂತ."

ಮಧ್ಯಾಹ್ನ ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಗುರುತು ಹಿಡಿಯಲಾಗದೆ ಬಾಯಿಗೆ ಬಂದದ್ದು ಬೈದರು. ಮೇಜುಬಟ್ಟೆ ದೊಡ್ಡಮ್ಮನ ಅಂಗಡಿಗೆ ಹೋಯಿತು, ಅಕ್ಕತಂಗಿ ತಿಂಗಳುಗಟ್ಟಲೆ ಮಾತು ಬಿಟ್ಟರು. ಮುಂದಿನ ಭಾನುವಾರ ನೋಡಿದರೆ ಅವೇ ಮಕ್ಕಳು ಗೇಟಿನ ಮುಂದೆ ಹಾಜರ್. ಚಿತ್ರದ ಹಾಳೆ ಒಬ್ಬರ ಕೈಯಲ್ಲೂ ಇಲ್ಲ.

ಆವತ್ತಿನಿಂದ ಭಾನುವಾರಗಳು ಊರ ಮಕ್ಕಳ ಪಾಲಾದವು. ಅದು ಅವಳ ಹೊಟ್ಟೆಯಲ್ಲಿ ಒಂದು ಉರಿಯಾಗಿ ಉಳಿಯಿತು. ದೊಡ್ಡವಳಾದ ಮೇಲೂ ಅವಳಿಗೆ ಗೊತ್ತಾಗಬೇಕಿದ್ದದ್ದು ಒಂದೇ ಮಾತು. ತನ್ನಿಂದ ಕಿತ್ತುಕೊಂಡ ಆ ಭಾನುವಾರಗಳಿಂದ ಯಾರಿಗಾದರೂ ಏನಾದರೂ ಆಯಿತೋ, ಇಲ್ಲ ಬರೀ ಬಟ್ಟೆ ಕೊಳೆಯಾಯಿತೋ? ಅಮ್ಮನನ್ನು ಕೇಳಲು ಬಾಯಿ ಬರಲಿಲ್ಲ. ಇನ್ನು ಕೇಳುವಂತೆಯೂ ಇಲ್ಲ.

* * *

ಸ್ಮಶಾನದ ಗೇಟಿನಲ್ಲಿ ವ್ಯಾನು ನಿಂತಾಗ ಮೊದಲು ಇಳಿದವಳು ದೊಡ್ಡಮ್ಮ. ಇಳಿದವಳೇ, "ಅಯ್ಯಯ್ಯೋ," ಎಂದು ಎದೆಗೆ ಕೈಯಿಟ್ಟುಕೊಂಡಳು.

ದೊಡ್ಡವರೆಲ್ಲ ಇಸ್ತ್ರಿ ಮಾಡಿದ ಗಾಢ ಬಣ್ಣದ ಬಟ್ಟೆ ಹಾಕಿಕೊಂಡು, ಹೂ ಹಿಡಿದು, ಗಂಭೀರವಾಗಿ ನಿಂತಿದ್ದರು. ಅವರ ಕಾಲ ಸಂದಿಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳು. ಹರಿದ ಅಂಗಿ, ಮೊಣಕಾಲಿಗೆ ತೇಪೆ ಹಾಕಿದ ಚಡ್ಡಿ, ಮಣ್ಣು ಮೆತ್ತಿದ ರಬ್ಬರ್ ಬೂಟು. ಕೆಲವರ ಕೈಯಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿ.

"ಇದೇನು ಗ್ಯಾರೇಜಿಂದ ಎದ್ದು ಬಂದ ಹಾಗೆ! ಇವುಗಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು ದೊಡ್ಡಮ್ಮ.

ಬಸ್ಸು ಓಡಿಸುವವನೊಬ್ಬ ಮುಖ ಸಣ್ಣದು ಮಾಡಿಕೊಂಡು ಮುಂದೆ ಬಂದ. ಎರಡು ಜಡೆಯ ಉದ್ದನೆ ಹುಡುಗಿಯೊಬ್ಬಳ ಹೆಗಲು ಹಿಡಿದಿದ್ದ. "ತಪ್ಪು ತಿಳ್ಕೋಬೇಡಿ ಅಮ್ಮ. ಒಳ್ಳೆ ಬಟ್ಟೆ ತೆಗೆದಿಟ್ಟಿದ್ದೆ. ಇವಳು ಕೇಳಬೇಕಲ್ಲ. ಇವತ್ತು ಭಾನುವಾರ, ಮಣ್ಣಜ್ಜಿ ಹತ್ತಿರ ಹೋಗಬೇಕಾದ್ರೆ ಒಳ್ಳೆ ಬಟ್ಟೆ ಹಾಕಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ ಅಂದ್ಲು. ಬೇರೆಯವರನ್ನ ಕೇಳಿದ್ರೆ ಎಲ್ಲರ ಮನೆಯಲ್ಲೂ ಇದೇ ರಾಮಾಯಣ."

"ವಾಪಸ್ ಕಳಿಸೋಕೆ ಅವಳೆಲ್ಲಿದಾಳಪ್ಪ ಈಗ," ಎಂದ ದೊಡ್ಡಮ್ಮನ ದನಿ ಅರ್ಧಕ್ಕೇ ಒಡೆಯಿತು.

ಹೇಳಬೇಕಾದ ಮಾತು ಮಗಳ ನಾಲಗೆಯ ಮೇಲೆ ಭಾರವಾಗಿ ಕೂತಿತ್ತು. ಮಕ್ಕಳು ಅವಳ ಮುಖವನ್ನು ದಿಟ್ಟಿಸಿ ನೋಡುತ್ತಿದ್ದವು. ಅವಳ ಮೂಗು, ಹುಬ್ಬು, ಗಲ್ಲದ ಗುಳಿ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದವು.

"ಅಜ್ಜಿ ಥರಾನೇ ಇದಾರೆ," ಎಂದು ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ತೊಳೆದಿಟ್ಟಿದಾರೆ ಅಷ್ಟೇ."

ಗುಂಡಿ ಸಿದ್ಧವಾಗಿತ್ತು. ಅದರ ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ. ಗುಂಡಿ ತೋಡುವವನು ದಪ್ಪ ಮೀಸೆಯ, ಅವಸರವಿಲ್ಲದ ಮನುಷ್ಯ. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಅಧ್ಯಕ್ಷರು ನಾಲ್ಕು ಮಾತಾಡಿದರು. ಭವನದ ಬೀಗದಕೈ ಒಂದು ದಿನವೂ ತಪ್ಪಿಹೋಗಲಿಲ್ಲ ಎಂದರು, ಒಂದು ಕುರ್ಚಿಯೂ ಕಡಿಮೆಯಾಗಲಿಲ್ಲ ಎಂದರು. ಒಂದು ಬದುಕಿನ ಬಗ್ಗೆ ಹೇಳುವುದು ಇಷ್ಟೇ ಏನು ಎಂದು ಮಗಳಿಗೆ ಸಂಕಟವಾಯಿತು. ಹಾಗಂತ ಅದಕ್ಕಿಂತ ಹೆಚ್ಚಿಗೆ ಏನು ಹೇಳಬೇಕೆಂದು ಅವಳಿಗೂ ತೋಚಲಿಲ್ಲ.

ಮಾತು ಮುಗಿಯಿತು. ಗುಂಡಿ ತೋಡುವವನು ಎಡಗಡೆಯ ರಾಶಿಗೆ ಸಲಿಕೆ ಹಾಕಿ ಒಂದು ಎಳೆದ, ಇನ್ನೊಂದು ಎಳೆದ. ಪೆಟ್ಟಿಗೆಯ ಮೇಲೆ ಮಣ್ಣು ದಬದಬ ಬಿತ್ತು.

"ನಿಲ್ಲಿಸೀ!"

ಎರಡು ಜಡೆಯವಳು. ಅವಳ ದನಿಗೆ ಇಡೀ ಸ್ಮಶಾನ ಬೆಚ್ಚಿಬಿತ್ತು. "ಅಂಕಲ್, ಕಪ್ಪು ಮಣ್ಣು ಕೆಳಗೆ ಹೋಗ್ತಿದೆ!"

* * *

"ಕಪ್ಪು ಕೆಳಗೆ ಹೋಯ್ತಲ್ಲೇ. ತೆಗಿ. ತೆಗೆದು ಮತ್ತೆ ಮುಚ್ಚು," ಎಂದಿದ್ದಳು ಅಮ್ಮ, ಎಲ್ಲ ಮಕ್ಕಳ ಎದುರಿಗೆ.

ಅವಳಿಗೆ ಹನ್ನೆರಡು. ಗಿಡ ನೆಡಲು ಗುಂಡಿ ತೆಗೆದು, ಅದು ಸರಿಯಾದ ಜಾಗವಲ್ಲ ಎಂದು ಮುಚ್ಚುತ್ತಿದ್ದರು. ಅವಳು ಬೇರೆಲ್ಲರಿಗಿಂತ ಬೇಗ ಮುಚ್ಚಿ ಮುಗಿಸಿ, ಅಮ್ಮ ಭೇಷ್ ಅನ್ನಲಿ ಎಂದು ನಿಂತಿದ್ದಳು.

"ಮಣ್ಣು ತಾನೇ? ಯಾವುದು ಮೇಲಿದ್ರೇನು?"

"ಹೋದ ವರ್ಷ ಆ ಮೂಲೆಲಿ ತಲೆಕೆಳಗಾಗಿ ಮುಚ್ಚಿ ನೋಡಲಿಲ್ವಾ? ಒಂದು ಹುಲ್ಲಾದ್ರೂ ಬಂತಾ? ಇರೋ ಜೀವ ಎಲ್ಲ ಮೇಲಿನ ಒಂದು ಗೇಣಲ್ಲಿ ಕಣೇ. ಅದನ್ನ ಕೆಳಗೆ ಹೂತ್ರೆ ಮಿಕ್ಕೋದು ಗೋಡೆ ಕಟ್ಟೋ ಮಣ್ಣು. ಕೆಂಪು ಮೊದಲು, ಕಪ್ಪು ಆಮೇಲೆ."

"ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನೀನು ನಗ್ತಾ ಹೇಳ್ತಿದ್ದೆ."

"ಹೌದು," ಎಂದಳು ಅಮ್ಮ. "ನಗ್ತಾ ಹೇಳ್ತಿದ್ದೆ."

ಅವಳು ಸಲಿಕೆಯನ್ನು ಬಿಸಾಡಿ ಮನೆಗೆ ಹೋದಳು. ಮತ್ತೆ ಆ ಹಿತ್ತಲಿಗೆ ಬರಲಿಲ್ಲ. ಬಾ ಎಂದು ಅಮ್ಮ ಕರೆಯಲೂ ಇಲ್ಲ. ತಾಯಿ ಮಗಳು ಇಬ್ಬರದೂ ಒಂದೇ ಅಚ್ಚಿನ ಹಟ.

* * *

"ಏಯ್, ಸುಮ್ನಿರೇ," ಎಂದು ಬಸ್ಸು ಓಡಿಸುವವನು ತನ್ನ ಹುಡುಗಿಯ ತೋಳು ಹಿಡಿದೆಳೆದ. ಸುತ್ತ ನಿಂತವರಲ್ಲಿ ಗುಸುಗುಸು ಎದ್ದಿತು. ಎಂಥ ಮಕ್ಕಳಪ್ಪ ಎಂದು ಯಾರೋ ನಿಟ್ಟುಸಿರು ಬಿಟ್ಟರು.

ಗುಂಡಿ ತೋಡುವವನು ಮಾತ್ರ ಬೇಸರ ಮಾಡಿಕೊಳ್ಳದೆ ಸಲಿಕೆಯ ಮೇಲೆ ಗದ್ದ ಊರಿ ನಿಂತ. "ಏನಮ್ಮಾ ತಪ್ಪಾಯ್ತು?"

"ಈ ಕಡೆದು ಮೇಲಿಂದ ತೆಗೆದಿದ್ದು ತಾನೇ? ಕಪ್ಪು. ಆ ಕಡೆದು ಆಳದಿಂದ ಬಂದಿದ್ದು, ಕೆಂಪು. ಆಳದ್ದು ಆಳಕ್ಕೇ ಹೋಗಬೇಕು. ಇಲ್ಲಾಂದ್ರೆ ಮೇಲೆ ಏನೂ ಬೆಳೆಯಲ್ಲ. ನಾವು ಕುಂಡದಲ್ಲಿ ಮಾಡಿ ನೋಡಿದೀವಿ."

"ಎರಡು ಸಲ," ಎಂದಿತು ಹಿಂದಿನಿಂದ ಒಂದು ದನಿ.

"ಕಪ್ಪು ಹಗುರ ಕಣಮ್ಮ. ಎಳೆಯೋಕೆ ಸಲೀಸು. ಅದಕ್ಕೇ ಮೊದಲು ಅದು." ಅವನು ತಲೆ ಕೆರೆದುಕೊಂಡ. ಸುತ್ತಲ ಬೋಳು ದಿಬ್ಬಗಳ ಕಡೆ ಕಣ್ಣಾಡಿಸಿ ನಕ್ಕ. "ಹುಲ್ಲು ಹಿಡಿಯಲ್ಲ ಅಂತ ಎಲ್ಲರೂ ಬಂದು ನನ್ನನ್ನೇ ಬೈತಾರೆ. ನಾನು ಬೀಜ ಮಾರೋನನ್ನ ಬೈತೀನಿ." ಆಮೇಲೆ ಮಗಳ ಕಡೆ ತಿರುಗಿದ. "ಮನೆಯವರು ನೀವು. ನೀವು ಹೇಗೆ ಹೇಳ್ತೀರೋ ಹಾಗೆ."

ಎಲ್ಲರ ಕಣ್ಣೂ ಅವಳ ಮೇಲೆ. ಆ ಕೂಗು ಕೇಳಿದಾಗಿನಿಂದ ಅವಳ ಮೈ ಜುಮ್ಮೆನ್ನುತ್ತಿತ್ತು. ಯಾರದೋ ಮನೆಯ ಹುಡುಗಿ, ಇಷ್ಟು ಜನ ದೊಡ್ಡವರ ನಡುವೆ, ಅಪ್ಪನ ಕೈ ಕೊಡವಿಕೊಂಡು, ಮಣ್ಣಿನ ಪರವಾಗಿ ಕೂಗಿದ್ದಳು.

"ಅವಳು ಹೇಳ್ತಿರೋದು ಸರಿ. ಕೆಂಪು ಮೊದಲು, ಕಪ್ಪು ಆಮೇಲೆ," ಎಂದಳು ಮಗಳು.

ಮಕ್ಕಳ ಗುಂಪಿನಲ್ಲಿ ಹೋ ಎಂಬ ಸದ್ದೆದ್ದಿತು. ಅಷ್ಟರಲ್ಲಿ ಹಲ್ಲು ಬಿದ್ದವಳು ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿಬಿಟ್ಟಿದ್ದಳು. ಅವಳಮ್ಮ ಎರಡೂ ಕಾಲು ಹಿಡಿದುಕೊಂಡು ಹಿಂದಕ್ಕೆ ಜಗ್ಗುತ್ತಿದ್ದಳು.

"ಒಂದು ಒಳಗೆ ಬಿದ್ದಿದೆ!" ಎಂದು ಅವಳು ಕಿರುಚಿದಳು. "ಎರೆಹುಳ! ಕಪ್ಪು ಮಣ್ಣಿನ ಜೊತೆ ಹೋಗಿದೆ. ಪೆಟ್ಟಿಗೆ ಮೇಲೆ ಒದ್ದಾಡ್ತಾ ಇದೆ. ಮೇಲೆ ಕೆಂಪು ಹಾಕಿದ್ರೆ ಸತ್ತೇ ಹೋಗುತ್ತೆ!"

"ಒಂದು ಹುಳ ತಾನೇ ಮರಿ," ಎಂದರು ಅಧ್ಯಕ್ಷರು ಮೆತ್ತಗೆ.

ಇಪ್ಪತ್ತು ಮೂವತ್ತು ಮುಖಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು.

ಮಗಳು ಬೂಟು ಬಿಚ್ಚಿದಳು. ಏಕೆಂದು ಅವಳನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗುಂಡಿ ತೋಡುವವನು ಮರು ಮಾತಾಡದೆ ಏಣಿ ತಂದು ಇಳಿಬಿಟ್ಟ. "ಏ ಹುಡುಗಿ, ನಿನಗೆ ತಲೆ ನೆಟ್ಟಗಿದೆಯೇನೇ?" ಎಂದು ದೊಡ್ಡಮ್ಮ ಕೂಗುತ್ತಿರುವಾಗಲೇ ಅವಳು ಒಂದೊಂದೇ ಮೆಟ್ಟಿಲು ಇಳಿದು ತಾಯಿಯ ಪಕ್ಕದಲ್ಲಿ ನಿಂತಳು.

ಕೆಳಗೆ ತಂಪಾಗಿತ್ತು. ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಕಾಲು ಇಡುವಷ್ಟೇ ಜಾಗ. ಕಣ್ಣೆದುರಿಗೆ ಮಣ್ಣಿನ ಗೋಡೆ, ಕೆಳಗೆ ಕೆಂಪು, ಮೇಲೆ ಅಂಚಿನಲ್ಲಿ ಒಂದು ಗೇಣು ಕಪ್ಪು, ಅದರ ತುಂಬ ಎಳೆಎಳೆಯಾಗಿ ಬೇರು. ಅಮ್ಮ ಹೇಳಿದ್ದನ್ನು ಅವಳು ಮೊದಲ ಸಲ ಕಣ್ಣಾರೆ ಕಂಡಳು. ಅಷ್ಟೆತ್ತರದ ಗೋಡೆಯಲ್ಲಿ ಜೀವವಿದ್ದದ್ದು ಅಷ್ಟೇ ಜಾಗದಲ್ಲಿ.

"ಅಮ್ಮಾ, ಸ್ವಲ್ಪ ಸರಿಯೇ," ಎಂದು ಅವಳ ಬಾಯಿಂದ ತಾನಾಗಿ ಹೊರಟಿತು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುವಾಗ ಹೇಳುತ್ತಿದ್ದ ಮಾತು. ಗುರುವಾರದಿಂದ ಹೊರಗೆ ಬಾರದ ಅಳು ಈಗ ಬಂತು. ಅವಳು ಪೆಟ್ಟಿಗೆಯ ಮೇಲೆ ಅಂಗೈ ಊರಿ ಅತ್ತಳು.

"ಆಂಟಿ, ಬಲಗಡೆ! ನಿಮ್ಮ ಬಲಗಡೆ!" ಮೇಲೆ ಆಕಾಶದ ಚೂರಿನ ಸುತ್ತ ಮಕ್ಕಳ ತಲೆಗಳು. "ಚಿವುಟಬೇಡಿ. ಮಣ್ಣಿನ ಸಮೇತ ಎತ್ತಿ." "ಕೈ ಒದ್ದೆ ಇರಬೇಕು, ಒಣಗಿದ್ರೆ ಅದಕ್ಕೆ ಉರಿಯುತ್ತೆ." "ಒದ್ದೆ ಇದೆ ಕಣೋ, ಅಳ್ತಿದಾರಲ್ಲ."

ಅಳುತ್ತಿದ್ದವಳಿಗೆ ನಗು ಉಕ್ಕಿ ಬಂತು. ಎರಡೂ ಒಟ್ಟಿಗೆ ಬಂದವು, ಈ ಸಲ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಅವಳು ಒದ್ದೆ ಕೈಯನ್ನು ಒಂದು ಹಿಡಿ ಕಪ್ಪು ಮಣ್ಣಿನ ಅಡಿಗೆ ತೂರಿಸಿ ಮೇಲೆತ್ತಿದಳು. ಕನ್ನಡಕದ ಗಾಜು ಹಿಡಿದು ಪಳಗಿದ ಬೆರಳುಗಳ ನಡುವೆ ತಣ್ಣಗೆ ಏನೋ ಹರಿದಾಡಿತು. ಅಸಹ್ಯವಾಗಲಿಲ್ಲ.

ಅವಳು ಮೇಲೆ ಬಂದಾಗ ಬಟ್ಟೆ ಎದೆಯವರೆಗೂ ಕೆಂಪಾಗಿತ್ತು. ಅಧ್ಯಕ್ಷರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ಅಮ್ಮ, ಎಲ್ಲರೂ ಇದಾರೆ. ಆ ಮಾತು ಹೇಳೋದಾದ್ರೆ ಈಗಲೇ..."

ಒಪ್ಪಿಕೊಂಡ ಮಾತು. ಅವಳು ಮುಷ್ಟಿಯನ್ನು ಎದೆಗೆ ಆನಿಸಿಕೊಂಡು ಮಕ್ಕಳ ಕಡೆ ತಿರುಗಿದಳು. "ಮಕ್ಕಳೇ, ನಾಳೆ ನಿಮ್ಮ ಹಿತ್ತಲಿಗೆ ಕಲ್ಲು ಹಾಸ್ತಾರಂತೆ. ಇನ್ನು ಮೇಲೆ ಭಾನುವಾರದ ತರಗತಿ ಇರಲ್ಲ. ಕಲಿಸೋರು ಯಾರೂ ಇಲ್ಲವಲ್ಲ, ಅದಕ್ಕೆ."

ಮಕ್ಕಳು ಅಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೆಕ್ಕ ತಪ್ಪಾಗಿ ಬರೆದ ಮೇಷ್ಟರನ್ನು ನೋಡುವಂತೆ ಅವಳನ್ನು ನೋಡಿದರು.

"ಕಲಿಸೋರಾ?" ಎಂದಳು ಎರಡು ಜಡೆಯವಳು. "ಅಜ್ಜಿ ಏನೂ ಕಲಿಸ್ತಿರಲಿಲ್ಲವಲ್ಲ."

"ಮತ್ತೆ ಏನು ಮಾಡ್ತಿದ್ರು?"

"ಬೀಗ ತೆಗೀತಿದ್ರು. ಆಮೇಲೆ ನಮ್ಮ ಜೊತೆ ಕೂತು ನೋಡ್ತಿದ್ರು. ಇದೇನು ಅಂದ್ರೆ ನಂಗೇನು ಗೊತ್ತು ಅಂತಿದ್ರು."

"ಅವರಿಗೆ ನಿಜವಾಗ್ಲೂ ಏನೂ ಗೊತ್ತಿರಲಿಲ್ಲ," ಎಂದಳು ಹಲ್ಲು ಬಿದ್ದವಳು, ಬಹಳ ಹೆಮ್ಮೆಯಿಂದ. "ನಾವೇ ಕಂಡುಹಿಡೀತಿದ್ವಿ."

ಇಷ್ಟು ವರ್ಷ ಮಗಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಪ್ರಶ್ನೆಗೆ ಉತ್ತರ ಹರಿದ ಅಂಗಿ ತೊಟ್ಟು, ಬೂಟು ಹಾಕಿಕೊಂಡು, ಎದುರಿಗೆ ಸಾಲಾಗಿ ನಿಂತಿತ್ತು. ಭಾನುವಾರಗಳು ಎಲ್ಲೂ ಕಳೆದುಹೋಗಿರಲಿಲ್ಲ. ಅವಳಿಗೆ ಸಂತೋಷವಾಯಿತು. ಸ್ಮಶಾನವೆಂದು ಗೊತ್ತಿದ್ದೂ ಎದೆ ತುಂಬಿ ಬರುವಷ್ಟು ಸಂತೋಷವಾಯಿತು.

"ಅಧ್ಯಕ್ಷರೇ," ಎಂದಳು ಜೋರಾಗಿ, ಕೊನೆಯ ಸಾಲಿನವರಿಗೂ ಕೇಳುವಂತೆ. "ಬೀಗ ತೆಗೆಯೋಕೆ ನನಗೆ ಬರುತ್ತೆ. ಏನೂ ಗೊತ್ತಿಲ್ಲದೆ ಇರೋದೂ ಬರುತ್ತೆ. ಅದರಲ್ಲಂತೂ ಅಮ್ಮನಿಗಿಂತ ನಾನೇ ಒಂದು ಕೈ ಮೇಲು. ಭಾನುವಾರ ಅಂಗಡಿಗೆ ರಜ. ಮುಂದಿನ ವಾರ ಎಂದಿನ ಹೊತ್ತಿಗೆ ತರಗತಿ."

ಅಧ್ಯಕ್ಷರು ಟೋಪಿಯನ್ನು ತಲೆಗೆ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ನೋಡನೋಡುತ್ತಿದ್ದಂತೆ ಅವರ ಮುಖ ಅರಳಿತು. ಜೇಬಿನಿಂದ ಫೋನು ತೆಗೆದು ಅಲ್ಲೇ ನಿಂತು, "ಹಲೋ, ಕಲ್ಲು ಹಾಸೋರಾ? ನಾಳೆ ಬರಬೇಡಿ. ನಾಡಿದ್ದೂ ಬೇಡ. ಬೇಡವೇ ಬೇಡ. ಕಮಿಟಿಗೆ ನಾನು ಹೇಳ್ಕೋತೀನಿ ಬಿಡ್ರಿ," ಎಂದರು.

ಯಾರೋ ಚಪ್ಪಾಳೆ ತಟ್ಟಿದರು. ಸ್ಮಶಾನದಲ್ಲಿ ತಟ್ಟಬಹುದೋ ಬಾರದೋ ಎಂದು ಉಳಿದವರು ಅನುಮಾನಿಸುತ್ತಿರುವಾಗಲೇ ಮಕ್ಕಳು ಕೇಕೆ ಹಾಕಿದವು. ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

"ಬಟ್ಟೆಗಳ ಗತಿ?" ಎಂದಳು ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ. "ಸೋಮವಾರ ಎಲ್ಲ ನನ್ನ ಅಂಗಡಿಗೆ ತಂದು ಹಾಕಿ. ನನ್ನ ಹಣೆಬರಹ."

ಗುಂಡಿ ಮುಚ್ಚಲು ಸಲಿಕೆ ಸಾಲಲಿಲ್ಲ. ಬಸ್ಸು ಓಡಿಸುವವನು ಕೋಟು ಬಿಚ್ಚಿ ಕೈಯಲ್ಲೇ ಮಣ್ಣು ತಳ್ಳಿದ. ಎರಡು ಜಡೆಯವಳು ಮೇಸ್ತ್ರಿಯಂತೆ ನಿಂತು ಕೆಂಪು, ಕೆಂಪು, ಇನ್ನೂ ಕೆಂಪು ಎಂದು ಹೇಳುತ್ತ ಹೋದಳು. ಕೆಂಪು ಮುಗಿದ ಮೇಲೆ ಕಪ್ಪನ್ನು ಮಕ್ಕಳೇ ತಮ್ಮ ಕೈಯಿಂದ ತೆಳ್ಳಗೆ ಹರಡಿದರು. ಗುಂಡಿ ತೋಡುವವನು ಬದಿಗೆ ಕೂತು, ಇಷ್ಟು ವರ್ಷದಲ್ಲಿ ಹೀಗೆ ಆರಾಮಾಗಿ ಕೂತದ್ದು ಇದೇ ಮೊದಲು ಎಂದು ಪಕ್ಕದವರಿಗೆ ಹೇಳಿದ.

ಸಾಂತ್ವನ ಹೇಳಿ ಹೊರಡಲು ಜನ ಸಾಲುಗಟ್ಟಿ ನಿಂತರು. ಮಗಳ ಕೈ ಕುಲುಕಬೇಕು, ಎರಡು ಮಾತು ಹೇಳಬೇಕು, ಮನೆಗೆ ಹೋಗಬೇಕು. ಆದರೆ ಅವಳು ನಿಂತಿರಲಿಲ್ಲ. ಹಸಿ ದಿಬ್ಬದ ಪಕ್ಕ ಮೊಣಕಾಲೂರಿ ಮುಷ್ಟಿ ಬಿಚ್ಚಿ ಎರೆಹುಳವನ್ನು ಕಪ್ಪು ಮಣ್ಣಿನ ಮೇಲೆ ಬಿಟ್ಟಿದ್ದಳು. ಅವಳ ಎರಡೂ ಕಡೆ ಮಕ್ಕಳ ತಲೆಗಳು ಒತ್ತಾಗಿ ಬಾಗಿದ್ದವು. ಹುಳ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತಲೆಯನ್ನು ಅತ್ತ ಇತ್ತ ಆಡಿಸಿ ಒಂದು ಸಂದಿ ಹುಡುಕಿತು.

ಸಾಲಿನ ಮೊದಲಿಗೆ ಇದ್ದವರು ಹೂ ಹಿಡಿದುಕೊಂಡು ಕಾದರು. ಅವಳು ಏಳದ್ದನ್ನು ನೋಡಿ ಬಗ್ಗಿದರು. ಬಗ್ಗಿದವರು ಹಾಗೇ ಕುಕ್ಕರಗಾಲಲ್ಲಿ ಕೂತರು. ಅವರ ಹಿಂದಿನವರೂ ಕೂತರು. ಇಸ್ತ್ರಿ ಕೋಟಿನವರು, ಅಧ್ಯಕ್ಷರು, ಬೂದು ಬಟ್ಟೆಯ ದೊಡ್ಡಮ್ಮ, ಒಬ್ಬೊಬ್ಬರಾಗಿ ಇಡೀ ಸಾಲು ನೆಲಕ್ಕಿಳಿಯಿತು.

"ಏನದು? ಏನಾಯ್ತು?" ಎಂದು ಹಿಂದಿನವರು ಕತ್ತು ಉದ್ದ ಮಾಡಿ ಕೇಳಿದರು.

"ಶ್..." ಎಂದರು ಮುಂದಿನವರು. "ಇನ್ನೂ ಬಾಲ ಕಾಣ್ತಿದೆ."